ಕೀಬೋರ್ಡ್ ಇರುವ ಟ್ಯಾಬ್ಲೆಟ್: ನಮ್ಮ ವಿದ್ಯಾರ್ಥಿಗಳಿಗೆ ಬೇಕೇ, ಬೇಡವೇ?

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಂಘದ ವತಿಯಿಂದ ಓದುವ ಮಕ್ಕಳಿಗೆ ಟ್ಯಾಬ್ಲೆಟ್ ಕೊಡಿಸಬೇಕೆಂಬ ವಿಚಾರ ಈ ವರ್ಷ ಸಮಿತಿಯ ಮುಂದೆ ಬಂದಿದೆ. ಅದರಲ್ಲಿ ಎರಡು ಅಭಿಪ್ರಾಯಗಳಿವೆ. ಬರೀ ಟ್ಯಾಬ್ಲೆಟ್ ಸಾಕು, ಅದೇ ಹಣದಲ್ಲಿ ಇನ್ನೂ ನಾಲ್ಕು ಮಕ್ಕಳಿಗೆ ಹೆಚ್ಚು ಕೊಡಬಹುದು ಎನ್ನುವವರು ಒಂದು ಕಡೆ. ಕೊಟ್ಟರೆ ಕೀಬೋರ್ಡ್ ಸಮೇತ ಇರುವುದನ್ನೇ ಕೊಡೋಣ, ಕಡಿಮೆ ಜನರಿಗಾದರೂ ಸರಿ ಎನ್ನುವವರು ಇನ್ನೊಂದು ಕಡೆ. ಎರಡು ಭಾಷೆಗಳನ್ನು ಕಲಿಸುವವನೆಂಬ ಕಾರಣಕ್ಕೆ ಇದರ ಬಗ್ಗೆ ನಾಲ್ಕು ಮಾತು ಹೇಳಲು ನನಗೆ ಸೂಚಿಸಿದ್ದಾರೆ. ನಾನು ಕಂಪ್ಯೂಟರ್ ತಜ್ಞನಲ್ಲ. ಕನ್ನಡ, ಉರ್ದು ಕಲಿಸುವ ಶಾಲಾ ಮೇಷ್ಟ್ರು. ಆದ್ದರಿಂದ ಯಂತ್ರದ ಕಡೆಯಿಂದಲ್ಲ, ಮಗುವಿನ ಕೈಯ ಕಡೆಯಿಂದ ಈ ವಿಷಯವನ್ನು ನೋಡುತ್ತೇನೆ.

ಮೊದಲು ಒಂದು ಅನುಭವ ಹೇಳಬೇಕು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ನಾವೆಲ್ಲ ಮೊಬೈಲ್ ಫೋನಿನಲ್ಲೇ ಪಾಠ ಮಾಡಿದ್ದು ನಿಮಗೆ ನೆನಪಿರಬಹುದು. ಆಗ ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಅಜ್ಜಿಯ ಬಗ್ಗೆ ಉರ್ದುವಿನಲ್ಲಿ ಒಂದು ಪ್ರಬಂಧ ಬರೆದು ಕಳುಹಿಸಿದಳು. ಭಾಷೆ ಉರ್ದು, ಆದರೆ ಅಕ್ಷರ ಇಂಗ್ಲಿಷು. ತಂದೆಯ ಫೋನಿನಲ್ಲಿ ಹೆಬ್ಬೆರಳಿನಿಂದ ಒತ್ತಿ ಒತ್ತಿ ಬರೆದಿದ್ದಳು. ಓದಿದಾಗ ಕಣ್ಣು ತುಂಬಿ ಬಂತು, ಅಷ್ಟು ಚೆನ್ನಾಗಿತ್ತು. ಆದರೆ ತಿದ್ದಲು ಕುಳಿತಾಗ ನನ್ನ ಕೈ ಕಟ್ಟಿದಂತಾಯಿತು. ಏನನ್ನು ತಿದ್ದಲಿ? ಉರ್ದುವಿನಲ್ಲಿ ‘ಸ’ ಎಂಬ ಒಂದೇ ಧ್ವನಿಗೆ ಸೇ, ಸೀನ್, ಸ್ವಾದ್ ಎಂದು ಮೂರು ಅಕ್ಷರಗಳಿವೆ. ‘ಝ’ ಧ್ವನಿಗೆ ಝಾಲ್, ಝೇ, ಝ್ವಾದ್, ಝೋಯ್ ಎಂದು ನಾಲ್ಕು. ಯಾವ ಪದಕ್ಕೆ ಯಾವ ಅಕ್ಷರ ಎಂಬುದನ್ನು ಕಲಿಯುವುದೇ ಉರ್ದು ಬರವಣಿಗೆಯ ಅರ್ಧ ಪಾಠ. ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಆ ಪಾಠವೇ ಇಲ್ಲವಾಗುತ್ತದೆ.

ಕನ್ನಡದ ಮಕ್ಕಳ ಕಥೆಯೂ ಬೇರೆಯಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವ ಹುಡುಗನಿಗೆ ಲ ಮತ್ತು ಳ ಒಂದೇ, ನ ಮತ್ತು ಣ ಒಂದೇ, ಎ ಮತ್ತು ಏ ಒಂದೇ. ಎರಡು ವರ್ಷ ಹಾಗೆ ಬರೆದ ಮಕ್ಕಳು ಶಾಲೆಗೆ ಮರಳಿ ಬಂದು ನೋಟ್‌ಬುಕ್ ತೆರೆದಾಗ ‘ಹಳ್ಳಿ’ ಎಂಬ ಪದವನ್ನು ‘ಹಲ್ಲಿ’ ಎಂದು ಬರೆದದ್ದನ್ನು ನಾನು ನೋಡಿದ್ದೇನೆ. ಇದು ನಗುವ ವಿಷಯವಲ್ಲ. ನಾವು ಮಕ್ಕಳ ಕೈಗೆ ಕೊಡುವ ಸಾಧನ ಅವರ ಅಕ್ಷರವನ್ನು ಉಳಿಸುತ್ತದೆಯೋ ಕಳೆಯುತ್ತದೆಯೋ ಎಂಬುದೇ ನನ್ನ ಪ್ರಶ್ನೆ.

ಈಗ ಸಾಧನದ ವಿಷಯಕ್ಕೆ ಬರೋಣ. ಟ್ಯಾಬ್ಲೆಟ್ಟಿಗೆ ಗುಂಡಿಗಳಿರುವ ಕೀಬೋರ್ಡ್ ಸೇರಿಸುವುದು ಹೊಸ ಯೋಚನೆಯೇನಲ್ಲ. ಅಮೆರಿಕದ ಗ್ರಿಡ್ ಕಂಪನಿ 1993ರಲ್ಲೇ ಪರದೆಯ ಕೆಳಗೆ ಕೀಬೋರ್ಡ್ ಅಡಗಿಸಿಟ್ಟ ಕಂಪ್ಯೂಟರೊಂದನ್ನು ತಂದಿತ್ತು. 2002ರಲ್ಲಿ ಮೈಕ್ರೋಸಾಫ್ಟ್ ‘ಟ್ಯಾಬ್ಲೆಟ್ ಪಿಸಿ’ ಎಂಬ ವಿಂಡೋಸ್ ತಂದಾಗ ಕಾಂಪ್ಯಾಕ್ ಹೆಸರಿನಲ್ಲಿ ಕೀಬೋರ್ಡನ್ನು ಪೂರ್ತಿ ಬಿಡಿಸಿ ಇಡಬಹುದಾದ ಮಾದರಿ ಬಂತು. 2007ರಲ್ಲಿ ನೋಕಿಯಾದ ಎನ್ 810 ಎಂಬ ಅಂಗೈಯಗಲದ ಟ್ಯಾಬ್ಲೆಟ್ಟಿನಲ್ಲಿ ಪರದೆಯ ಅಡಿಯಿಂದ ಗುಂಡಿಗಳು ಜಾರಿ ಹೊರಬರುತ್ತಿದ್ದವು.

2010ರಲ್ಲಿ ಆಪಲ್ ಕಂಪನಿಯ ಐಪ್ಯಾಡ್ ಬಂದ ಮೇಲೆ ಬರೀ ಗಾಜಿನ ಟ್ಯಾಬ್ಲೆಟ್ಟೇ ಎಲ್ಲೆಡೆ ಹರಡಿತು. ಅದರ ತೂಕ 680 ಗ್ರಾಂ. ಮರುವರ್ಷ ಏಸುಸ್ ಕಂಪನಿ ‘ಸ್ಲೈಡರ್’ ಎಂಬ ಮಾದರಿಯಲ್ಲಿ ಕೀಬೋರ್ಡನ್ನು ಟ್ಯಾಬ್ಲೆಟ್ಟಿನೊಳಗೇ ಖಾಯಂ ಆಗಿ ಕೂರಿಸಿತು. ತೂಕ 960 ಗ್ರಾಂಗೆ ಏರಿತು. ಮಲಗಿ ಓದುವಾಗಲೂ, ಬಸ್ಸಿನಲ್ಲಿ ಹಿಡಿದು ನೋಡುವಾಗಲೂ ಬೇಡದ ಕೀಬೋರ್ಡನ್ನು ಹೊತ್ತೇ ಇರಬೇಕು. ಅದೇ ಕಂಪನಿ ಅದೇ ವರ್ಷ ‘ಟ್ರಾನ್ಸ್‌ಫಾರ್ಮರ್’ ಎಂಬ ಇನ್ನೊಂದು ಮಾದರಿಯಲ್ಲಿ ಕೀಬೋರ್ಡನ್ನು ಕಳಚುವಂತೆ ಮಾಡಿತು. ಆ ಕೀಬೋರ್ಡಿನಲ್ಲಿ ಹೆಚ್ಚುವರಿ ಬ್ಯಾಟರಿಯೂ ಇತ್ತು. ಇಂದು ಅಂಗಡಿಯಲ್ಲಿ ಕಾಣುವ ಬಹುಪಾಲು ಕೀಬೋರ್ಡ್ ಟ್ಯಾಬ್ಲೆಟ್ಟುಗಳು ಈ ಕಳಚುವ ಜಾತಿಯವೇ. ಉದಾಹರಣೆಗೆ 2020ರಲ್ಲಿ ಬಂದ ಲೆನೊವೊ ಡ್ಯುಯೆಟ್ ಎಂಬ ಹತ್ತು ಅಂಗುಲದ ಕ್ರೋಮ್‌ಬುಕ್ ಬರೀ ಟ್ಯಾಬ್ಲೆಟ್ ಆಗಿ ಸುಮಾರು 450 ಗ್ರಾಂ, ಕೀಬೋರ್ಡ್ ಮತ್ತು ಹಿಂಬದಿಯ ಕವರು ಸೇರಿದರೆ ಸುಮಾರು 920 ಗ್ರಾಂ. ಅಂದರೆ ಬರೆಯುವ ಸೌಕರ್ಯಕ್ಕೆ ತೂಕ ಎರಡರಷ್ಟಾಗುತ್ತದೆ. ಆದರೆ ಬೇಡವಾದಾಗ ಕಳಚಿ ಮನೆಯಲ್ಲಿಡಬಹುದು.

ಇನ್ನೊಂದು ಪ್ರಸಂಗವೂ ಗಮನಾರ್ಹ. 2012ರಲ್ಲಿ ಮೈಕ್ರೋಸಾಫ್ಟ್ ‘ಸರ್ಫೇಸ್’ ಟ್ಯಾಬ್ಲೆಟ್ ತಂದಾಗ ಎರಡು ಬಗೆಯ ಕೀಬೋರ್ಡ್ ಕವರುಗಳಿದ್ದವು. ಒಂದು ಕೇವಲ ಮೂರು ಮಿಲಿಮೀಟರ್ ದಪ್ಪದ್ದು, ಅದರಲ್ಲಿ ಗುಂಡಿಗಳು ಅಲುಗಾಡುತ್ತಿರಲಿಲ್ಲ. ಇನ್ನೊಂದರಲ್ಲಿ ಗುಂಡಿ ಒತ್ತಿದರೆ ಕೆಳಗೆ ಹೋಗಿ ಮೇಲೆ ಬರುತ್ತಿತ್ತು. ಕೆಲವೇ ವರ್ಷಗಳಲ್ಲಿ ಮೊದಲನೆಯದು ನಿಂತುಹೋಯಿತು, ಎರಡನೆಯದು ಉಳಿಯಿತು. ಒತ್ತಿದ್ದು ಬೆರಳಿಗೆ ತಿಳಿಯಬೇಕು. ತಬಲಾ ನುಡಿಸುವವನಿಗೆ ಚರ್ಮ ತಿಳಿಯುವಂತೆ, ಟೈಪ್ ಮಾಡುವವನಿಗೆ ಗುಂಡಿ ತಿಳಿಯಬೇಕು. ಎಫ್ ಮತ್ತು ಜೆ ಗುಂಡಿಗಳ ಮೇಲೆ ಒಂದು ಸಣ್ಣ ಗೆರೆ ಉಬ್ಬಿರುವುದನ್ನು ನೀವು ನೋಡಿರಬಹುದು. ಕಣ್ಣು ಪಠ್ಯದ ಮೇಲಿದ್ದರೂ ಬೆರಳು ತನ್ನ ಜಾಗ ಹುಡುಕಿಕೊಳ್ಳಲಿ ಎಂದೇ ಆ ಗೆರೆ. ಗಾಜಿನ ಮೇಲೆ ಅದು ಸಾಧ್ಯವಿಲ್ಲ.

ನಮ್ಮ ದೇಶದ ಎರಡು ಉದಾಹರಣೆಗಳನ್ನೂ ಮರೆಯಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಸೇರಿ ರೂಪಿಸಿದ ‘ಸಿಂಪ್ಯೂಟರ್’ 2004ರಲ್ಲಿ ಮಾರುಕಟ್ಟೆಗೆ ಬಂತು. ಅಕ್ಷರ ಬಾರದವರಿಗೂ ಉಪಯೋಗವಾಗಲಿ ಎಂಬ ಆಶಯದ ಆ ಅಂಗೈ ಯಂತ್ರಕ್ಕೆ ಗುಂಡಿಗಳ ಕೀಬೋರ್ಡ್ ಇರಲಿಲ್ಲ, ಕಡ್ಡಿಯಿಂದ ಪರದೆಯನ್ನು ಮುಟ್ಟಬೇಕಿತ್ತು. ಆಶಯ ದೊಡ್ಡದಾಗಿದ್ದರೂ ಅದು ಜನರ ನಡುವೆ ಹರಡಲಿಲ್ಲ. ಮುಂದೆ 2011ರ ಅಕ್ಟೋಬರ್ 5ರಂದು ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗಾಗಿ ‘ಆಕಾಶ್’ ಟ್ಯಾಬ್ಲೆಟ್ ಬಿಡುಗಡೆ ಮಾಡಿತು. ಬೆಲೆ ಎರಡು ಸಾವಿರದ ಚಿಲ್ಲರೆ ರೂಪಾಯಿ. ಏಳು ಅಂಗುಲದ ಪರದೆ, ಬೆರಳನ್ನು ಅದುಮಿ ಒತ್ತಬೇಕಾದ ಹಳೆಯ ಬಗೆಯ ಸ್ಪರ್ಶ, ನಿಧಾನವಾದ ಪ್ರೊಸೆಸರ್. ಬೆಲೆ ಕಡಿಮೆಯಾದರೆ ಸಾಕು, ಮಕ್ಕಳು ಹೇಗೋ ಕಲಿಯುತ್ತಾರೆ ಎಂದು ತಿಳಿಯುವವರಿಗೆ ಆಕಾಶ್ ಒಂದು ಪಾಠ.

ಹಾಗಾದರೆ ಗುಂಡಿಗಳ ಕೀಬೋರ್ಡಿನಿಂದ ಆಗುವ ಲಾಭವೇನು? ಎಲ್ಲರೂ ಮೊದಲು ಹೇಳುವುದು ವೇಗ. ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದವರು ಬೇರೆ ವಿಶ್ವವಿದ್ಯಾಲಯಗಳ ಜೊತೆಗೂಡಿ ಎರಡು ದೊಡ್ಡ ಅಧ್ಯಯನ ಮಾಡಿದ್ದಾರೆ. 2018ರಲ್ಲಿ ಸುಮಾರು 1,68,000 ಜನರು ಗುಂಡಿಗಳ ಕೀಬೋರ್ಡಿನಲ್ಲಿ ಇಂಗ್ಲಿಷ್ ಟೈಪ್ ಮಾಡಿದಾಗ ಸರಾಸರಿ ನಿಮಿಷಕ್ಕೆ 52 ಪದ ಬಂತು. 2019ರಲ್ಲಿ ಸುಮಾರು 37,000 ಜನರು ಫೋನಿನ ಗಾಜಿನ ಮೇಲೆ ಮಾಡಿದಾಗ ಸರಾಸರಿ 36 ಪದ. ವ್ಯತ್ಯಾಸ ಇದೆ. ಆದರೆ ಎಳೆಯ ವಯಸ್ಸಿನವರು ಗಾಜಿನ ಮೇಲೆ ಹಿರಿಯರಿಗಿಂತ ಬಹಳ ಬೇಗ ಬರೆದರು ಎಂಬುದನ್ನೂ ಅದೇ ಅಧ್ಯಯನ ತೋರಿಸಿತು. ಆದ್ದರಿಂದ ವೇಗವೊಂದನ್ನೇ ಹಿಡಿದು ನಾನು ವಾದ ಮಾಡುವುದಿಲ್ಲ. ಇಲ್ಲಿರುವ ಹುಡುಗರು ಫೋನಿನಲ್ಲಿ ಎರಡು ಹೆಬ್ಬೆರಳು ಓಡಿಸುವುದನ್ನು ನೋಡಿದರೆ ನನಗೇ ತಲೆ ತಿರುಗುತ್ತದೆ!

ನನ್ನ ದೃಷ್ಟಿಯಲ್ಲಿ ನಿಜವಾದ ಲಾಭಗಳು ಮೂರು. ಮೊದಲನೆಯದು, ಜಾಗ. ಹತ್ತು ಅಂಗುಲದ ಟ್ಯಾಬ್ಲೆಟ್ ಅಡ್ಡ ಹಿಡಿದು ಪರದೆಯ ಕೀಬೋರ್ಡ್ ತೆರೆದರೆ ಹೆಚ್ಚುಕಡಿಮೆ ಅರ್ಧ ಪರದೆ ಅದಕ್ಕೇ ಹೋಗುತ್ತದೆ. ತಾನು ಬರೆದ ಹಿಂದಿನ ಪ್ಯಾರಾ ಮಗುವಿಗೆ ಕಾಣುವುದೇ ಇಲ್ಲ. ಹಿಂದೆ ಬರೆದದ್ದು ಕಾಣದಿದ್ದರೆ ಒಂದು ಪ್ರಬಂಧವನ್ನು ಕಟ್ಟುವುದು ಹೇಗೆ? ಎರಡನೆಯದು, ತಿದ್ದುವಿಕೆ. ಬಾಣದ ಗುಂಡಿಗಳಿಂದ ಒಂದೊಂದೇ ಅಕ್ಷರ ಹಿಂದೆ ಹೋಗಿ ಒತ್ತಕ್ಷರ ಸರಿಪಡಿಸುವುದು ಸುಲಭ. ಗಾಜಿನ ಮೇಲೆ ಬೆರಳು ಒಂದು ಕಡೆ ಇಟ್ಟರೆ ಕರ್ಸರು ಇನ್ನೊಂದು ಕಡೆ ಹೋಗಿ ನಿಲ್ಲುತ್ತದೆ. ಬೇಸತ್ತ ಮಗು ತಪ್ಪನ್ನು ಹಾಗೆಯೇ ಬಿಡುತ್ತದೆ. ಮೂರನೆಯದು, ಪರೀಕ್ಷೆ ಮತ್ತು ಉದ್ಯೋಗ. ಕೇಂದ್ರದ ಸ್ಟಾಫ್ ಸೆಲೆಕ್ಷನ್ ಕಮಿಷನ್ ಪಿಯುಸಿ ಮುಗಿಸಿದವರಿಗೆ ನಡೆಸುವ ಪರೀಕ್ಷೆಯಲ್ಲಿ ಗುಮಾಸ್ತೆಯ ಹುದ್ದೆಗೆ ಕಂಪ್ಯೂಟರಿನ ಮೇಲೆ ನಿಮಿಷಕ್ಕೆ 35 ಇಂಗ್ಲಿಷ್ ಪದ ಟೈಪ್ ಮಾಡಬೇಕು. ಅಲ್ಲಿ ಇಡುವುದು ಗುಂಡಿಗಳ ಕೀಬೋರ್ಡ್. ಹತ್ತು ಬೆರಳನ್ನೂ ಒಮ್ಮೆಯೂ ಉಪಯೋಗಿಸದ ನಮ್ಮ ಹುಡುಗ ಲಿಖಿತ ಪರೀಕ್ಷೆಯಲ್ಲಿ ಗೆದ್ದು ಟೈಪಿಂಗ್‌ನಲ್ಲಿ ಸೋತು ಬಂದರೆ ಆ ಸೋಲಿನಲ್ಲಿ ನಮ್ಮ ಪಾಲೂ ಇದೆ.

ಇನ್ನು ನಷ್ಟಗಳು. ಬೆಲೆ ಹೆಚ್ಚು, ತೂಕ ಹೆಚ್ಚು. ಬಿಜಾಗರಿ ಸಡಿಲವಾಗುತ್ತದೆ. ಗುಂಡಿಗಳ ಸಂದಿಗೆ ಧೂಳು, ಚಹಾ, ಬಿಸ್ಕತ್ತಿನ ಪುಡಿ ಸೇರುತ್ತವೆ. ಕೀಬೋರ್ಡ್ ಒಳಗೇ ಜೋಡಣೆಯಾಗಿದ್ದರೆ ಒಂದು ಗುಂಡಿ ಕೆಟ್ಟರೂ ಇಡೀ ಯಂತ್ರವನ್ನು ರಿಪೇರಿಗೆ ಕೊಡಬೇಕು. ಬ್ಲೂಟೂತ್ ಕೀಬೋರ್ಡಾದರೆ ಅದನ್ನೂ ಬೇರೆ ಚಾರ್ಜ್ ಮಾಡಬೇಕು. ಹಿಂದೆ ಕಾಲು ಕೊಟ್ಟು ನಿಲ್ಲಿಸುವ ಟ್ಯಾಬ್ಲೆಟ್ ಮೇಜಿನ ಮೇಲೆ ಚೆನ್ನ, ಆದರೆ ಚಾಪೆಯ ಮೇಲೆ ಕುಳಿತು ತೊಡೆಯ ಮೇಲಿಟ್ಟುಕೊಂಡರೆ ಮಗುಚಿ ಬೀಳುತ್ತದೆ. ನಮ್ಮಲ್ಲಿ ಎಷ್ಟು ಮಕ್ಕಳ ಮನೆಯಲ್ಲಿ ಓದುವ ಮೇಜಿದೆ ಎಂಬುದನ್ನು ಯೋಚಿಸಿ ನೋಡಿ.

ಇದೆಲ್ಲಕ್ಕಿಂತ ದೊಡ್ಡ ತೊಡಕೊಂದಿದೆ. ನಾನೇ ಅದರಲ್ಲಿ ಬಿದ್ದವನು. ಮೂರು ವರ್ಷದ ಹಿಂದೆ ಪಾಠಟಿಪ್ಪಣಿ ಬರೆಯಲೆಂದು ಕೀಬೋರ್ಡ್ ಕವರು ಸಮೇತ ಒಂದು ಆಂಡ್ರಾಯ್ಡ್ ಟ್ಯಾಬ್ಲೆಟ್ ಕೊಂಡೆ. ಅಂಗಡಿಯವರು ಕನ್ನಡ, ಉರ್ದು ಎರಡೂ ಬರುತ್ತದೆ ಎಂದರು. ಪರದೆಯ ಮೇಲೆ ಬಂತು, ನಿಜ. ಮನೆಗೆ ಬಂದು ಕವರು ಜೋಡಿಸಿ ಗುಂಡಿ ಒತ್ತಿದರೆ ಬರೀ ಇಂಗ್ಲಿಷ್! ಎರಡು ದಿನ ಸೆಟ್ಟಿಂಗ್ ತಡಕಾಡಿ, ಬೇರೆ ಆ್ಯಪ್ ಹಾಕಿ ಕನ್ನಡ ತರಿಸಿಕೊಂಡೆ. ಉರ್ದು ಅಷ್ಟು ಸುಲಭವಾಗಲಿಲ್ಲ. ಪರದೆಯ ಕೀಬೋರ್ಡಿನ ಭಾಷೆ ಬೇರೆ, ಜೋಡಿಸಿದ ಕೀಬೋರ್ಡಿನ ಭಾಷೆ ಬೇರೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಸಂಘದ ಹಣದಲ್ಲಿ ಐವತ್ತು ಟ್ಯಾಬ್ಲೆಟ್ ಕೊಂಡು ಐವತ್ತು ಮಕ್ಕಳಿಗೆ ಇದೇ ಅನುಭವವಾದರೆ, ಕೀಬೋರ್ಡ್ ಅವರ ಅಕ್ಷರ ಉಳಿಸುವ ಬದಲು ಅವರನ್ನು ಪೂರ್ತಿ ಇಂಗ್ಲಿಷ್ ಅಕ್ಷರಕ್ಕೇ ತಳ್ಳಿಬಿಡುತ್ತದೆ.

ಹಾಗೆಂದು ಕನ್ನಡ ಟೈಪಿಂಗ್ ಕಷ್ಟವೆಂದು ಭಾವಿಸಬೇಡಿ. ಗುಂಡಿಗಳ ಮೇಲೆ ಇಂಗ್ಲಿಷ್ ಮುದ್ರಿಸಿದ್ದರೂ ಕನ್ನಡ ಸರಾಗವಾಗಿ ಬರುತ್ತದೆ. ಕೆ. ಪಿ. ರಾವ್ ಅವರು ರೂಪಿಸಿದ, ಮುಂದೆ ಕರ್ನಾಟಕ ಸರ್ಕಾರ ಒಪ್ಪಿ ‘ನುಡಿ’ ತಂತ್ರಾಂಶದಲ್ಲಿ ಬಂದ ಕೀಲಿಮಣೆಯಲ್ಲಿ ‘ಪುಸ್ತಕ’ ಎಂದು ಬರೆಯಲು ಪಿ, ಯು, ಎಸ್, ಎಫ್, ಟಿ, ಕೆ ಎಂಬ ಆರು ಗುಂಡಿ ಒತ್ತಿದರೆ ಸಾಕು. ನಡುವಿನ ಎಫ್ ಒತ್ತಕ್ಷರಕ್ಕೆ. ಭಾರತದ ಹಲವು ಪ್ರಮುಖ ಲಿಪಿಗಳಿಗೆ ಒಂದೇ ಕ್ರಮವಿರುವ ‘ಇನ್‌ಸ್ಕ್ರಿಪ್ಟ್’ ವಿನ್ಯಾಸದಲ್ಲೂ ಇದಕ್ಕೆ ಆರೇ ಗುಂಡಿ. ವಿಂಡೋಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಬಹಳ ವರ್ಷಗಳಿಂದ ಇದೆ, 2019ರಲ್ಲಿ ಉಚ್ಚಾರಣೆಯಂತೆ ಬರೆಯುವ ಕನ್ನಡ ಕೀಬೋರ್ಡನ್ನೂ ಸೇರಿಸಿದರು. ಉರ್ದುವಿಗೂ ಉಚ್ಚಾರಣೆಯ ಕ್ರಮದ ಕೀಬೋರ್ಡುಗಳಿವೆ. 1981ರಲ್ಲಿ ಮಿರ್ಜಾ ಅಹ್ಮದ್ ಜಮೀಲರ ನೂರಿ ನಸ್ತಾಲೀಕ್ ಬಂದು ಕೈಬರಹದ ಕಾತಿಬರ ಹೊರೆ ಇಳಿಸಿತು. 2012ರ ವಿಂಡೋಸ್ 8ರಿಂದ ನಸ್ತಾಲೀಕ್ ಅಕ್ಷರ ಕಂಪ್ಯೂಟರಿನ ಜೊತೆಗೇ ಬರುತ್ತಿದೆ. ಸಾಧನ ಸಿದ್ಧವಿದೆ. ಕಲಿಸುವವರು ಬೇಕು, ಅಷ್ಟೇ.

ಮಾತನಾಡಿದರೆ ತಾನೇ ಬರೆದುಕೊಳ್ಳುವ ಸೌಲಭ್ಯ ಬಂದಿದೆಯಲ್ಲ, ಇನ್ನು ಕೀಬೋರ್ಡ್ ಏಕೆ ಎಂದು ಕೆಲವರು ಕೇಳಬಹುದು. ಒಳ್ಳೆಯ ಪ್ರಶ್ನೆ. ಕಣ್ಣು ಕಾಣದವರಿಗೆ, ಕೈಗೆ ತೊಂದರೆ ಇರುವವರಿಗೆ ಅದು ದೊಡ್ಡ ಉಪಕಾರ. ಆದರೆ ಕಲಿಯುವ ಮಗುವಿಗೆ ‘ಳ’ ಬರಬೇಕೋ ‘ಲ’ ಬರಬೇಕೋ ಎಂಬ ನಿರ್ಧಾರವನ್ನು ಯಂತ್ರವೇ ಮಾಡಿಬಿಟ್ಟರೆ ಮಗು ಕಲಿತದ್ದೇನು? ಹಾಗೆಯೇ ಕೀಬೋರ್ಡ್ ಬಂತೆಂದು ಪೆನ್ನು ಬಿಡಬೇಡಿ. ಹತ್ತನೆಯ ತರಗತಿಯ, ಪಿಯುಸಿಯ ಪರೀಕ್ಷೆಯನ್ನು ಕೈಯಲ್ಲೇ ಬರೆಯಬೇಕು.

ಇಷ್ಟೆಲ್ಲ ತೂಗಿ ನೋಡಿ ನನಗೆ ತೋಚಿದ್ದನ್ನು ಸಂಘದ ಮುಂದೆ ಇಡುತ್ತೇನೆ.

ಹತ್ತನೆಯ ತರಗತಿಯವರೆಗಿನ ಮಕ್ಕಳಿಗೆ ಟ್ಯಾಬ್ಲೆಟ್ಟಿನ ಮುಖ್ಯ ಕೆಲಸ ಪಾಠ ನೋಡುವುದು ಮತ್ತು ಓದುವುದು. ಅವರಿಗೆ ಬರೀ ಟ್ಯಾಬ್ಲೆಟ್ ಸಾಕು. ಅದರ ಜೊತೆಗೆ ಸಂಘದ ವಾಚನಾಲಯದಲ್ಲಿ ಹತ್ತು ಹನ್ನೆರಡು ಬಿಡಿ ಕೀಬೋರ್ಡುಗಳನ್ನು ಇಡೋಣ. ಮಕ್ಕಳು ತಮ್ಮ ಟ್ಯಾಬ್ಲೆಟ್ ತಂದು ಜೋಡಿಸಿ ಅಭ್ಯಾಸ ಮಾಡಲಿ. ಒಂದು ಕೆಟ್ಟರೆ ಅದೊಂದನ್ನೇ ಬದಲಿಸಿದರಾಯಿತು.

ಪಿಯುಸಿ, ಡಿಗ್ರಿ, ಡಿಎಡ್, ಬಿಎಡ್ ಓದುವವರು ಅಸೈನ್‌ಮೆಂಟ್, ವರದಿ, ಅರ್ಜಿ ಬರೆಯಬೇಕು. ಅವರಿಗೆ ಕೀಬೋರ್ಡ್ ಸಮೇತ ಇರುವುದೇ ಬೇಕು. ಆದರೆ ಒಳಗೆ ಖಾಯಂ ಜೋಡಿಸಿದ್ದಲ್ಲ, ಕಳಚುವಂಥದ್ದು. ಗುಂಡಿ ಒತ್ತಿದಾಗ ಕೆಳಗೆ ಹೋಗಿ ಮೇಲೆ ಬರಬೇಕು. ಲೆಕ್ಕಪತ್ರ, ಪ್ರೋಗ್ರಾಮಿಂಗ್ ಕಲಿಯುವವರಿಗೆ ಟ್ಯಾಬ್ಲೆಟ್ ಬೇಡವೇ ಬೇಡ, ಅದೇ ಹಣಕ್ಕೆ ಒಳ್ಳೆಯ ಸ್ಥಿತಿಯಲ್ಲಿರುವ ಹಳೆಯ ಲ್ಯಾಪ್‌ಟಾಪ್ ಹುಡುಕೋಣ.

ಕೊಳ್ಳುವ ಮೊದಲು ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಅಂಗಡಿಯವರ ಮಾತು ಬೇಡ, ನಮ್ಮ ಶಿಕ್ಷಕರೊಬ್ಬರು ಕುಳಿತು ಜೋಡಿಸಿದ ಕೀಬೋರ್ಡಿನಲ್ಲೇ ‘ಪುಸ್ತಕ’, ‘ವಿದ್ಯಾರ್ಥಿ’, ‘ಸ್ವಾತಂತ್ರ್ಯ’ ಎಂಬ ಮೂರು ಪದಗಳನ್ನು ಬರೆಯಲಿ. ಉರ್ದುವಿನಲ್ಲಿ ನಾಲ್ಕು ‘ಝ’ಗಳೂ ಬರುತ್ತವೆಯೇ ನೋಡಲಿ. ಬಂದರೆ ಹಣ ಕೊಡಿ, ಬಾರದಿದ್ದರೆ ಎದ್ದು ಬನ್ನಿ. ಈ ಹಣ ದಾನಿಗಳು ನಮ್ಮನ್ನು ನಂಬಿ ಕೊಟ್ಟ ಅಮಾನತ್ತು.

ಕೊನೆಯದಾಗಿ, ಪ್ರತಿ ಯಂತ್ರದ ಜೊತೆ ಆರು ವಾರಗಳ ತರಬೇತಿ ಕೊಡೋಣ. ದಿನಕ್ಕೆ ಅರ್ಧ ಗಂಟೆ ಸಾಕು. ಕೀಲಿಮಣೆಯ ನಕ್ಷೆಯನ್ನು ಕಾಗದದ ಮೇಲೆ ಬರೆದು ಪಕ್ಕದಲ್ಲಿಟ್ಟುಕೊಂಡರೆ ಆಯಿತು. ಭಾನುವಾರ ಹಾಗೂ ಸಂಜೆಯ ಹೊತ್ತು ನಾನು ಬಂದು ಕಲಿಸಲು ಸಿದ್ಧನಿದ್ದೇನೆ. ತರಬೇತಿ ಇಲ್ಲದೆ ಕೀಬೋರ್ಡ್ ಕೊಡುವುದಾದರೆ ಬರೀ ಟ್ಯಾಬ್ಲೆಟ್ ಕೊಡುವುದೇ ಮೇಲು. ಆ ಹಣವಾದರೂ ಉಳಿಯುತ್ತದೆ.

ಅಜ್ಜಿಯ ಪ್ರಬಂಧ ಬರೆದ ಹುಡುಗಿಯ ಮಾತನ್ನು ಪೂರ್ತಿ ಮಾಡಬೇಕು. ಶಾಲೆ ತೆರೆದ ಮೇಲೆ ಅವಳನ್ನು ನಮ್ಮ ಶಾಲೆಯ ಹಳೆಯ ಕಂಪ್ಯೂಟರಿನ ಮುಂದೆ ಕೂರಿಸಿ, ಪಕ್ಕದಲ್ಲಿ ಕಾಗದದ ನಕ್ಷೆ ಇಟ್ಟೆ. ಮೊದಲ ಪ್ಯಾರಾಕ್ಕೆ ಮೂರು ದಿನ ಹಿಡಿಯಿತು. ಎಷ್ಟೋ ಕಡೆ ಸೀನ್ ಇರಬೇಕಾದಲ್ಲಿ ಸ್ವಾದ್ ಹಾಕಿದ್ದಳು. ಈ ಬಾರಿ ನನಗೆ ತಿದ್ದಲು ಸಾಧ್ಯವಾಯಿತು. ನಾಲ್ಕನೆಯ ವಾರದಲ್ಲಿ ನಕ್ಷೆ ನೋಡುವುದನ್ನು ಬಿಟ್ಟಳು. ಪೂರ್ತಿ ಪ್ರಬಂಧವನ್ನು ನಸ್ತಾಲೀಕಿನಲ್ಲಿ ಮುದ್ರಿಸಿ ಕೊಟ್ಟಾಗ ಹಾಳೆಯನ್ನು ಬಹಳ ಹೊತ್ತು ನೋಡಿ, “ಸರ್, ಇದನ್ನು ಮನೆಗೆ ತೆಗೆದುಕೊಂಡು ಹೋಗಲಾ? ಅಜ್ಜಿಗೆ ಇಂಗ್ಲಿಷ್ ಅಕ್ಷರ ಓದಲು ಬರುವುದಿಲ್ಲ, ಇದನ್ನು ಓದುತ್ತಾರೆ” ಎಂದಳು.

ಅಜ್ಜಿಯ ಬಗ್ಗೆ ಬರೆದದ್ದು ಅಜ್ಜಿಗೆ ತಲುಪಿತು. ನೀವು ಟ್ಯಾಬ್ಲೆಟ್ ಕೊಳ್ಳುವಾಗ ಅದರ ಬೆಲೆ, ತೂಕ, ಬ್ಯಾಟರಿ ಎಲ್ಲವನ್ನೂ ಅವಶ್ಯವಾಗಿ ನೋಡಿ. ಅದರ ಜೊತೆಗೆ ಈ ಯಂತ್ರದಲ್ಲಿ ನನ್ನ ಮಗು ಬರೆದದ್ದನ್ನು ನಮ್ಮ ಮನೆಯ ಹಿರಿಯರು ಓದಬಲ್ಲರೇ ಎಂದೂ ಒಮ್ಮೆ ಕೇಳಿಕೊಳ್ಳಿ.